ತುಟಿಯ ಬಾವು, ಕರುಳಿನ ಬೇನೆ

ತುಟಿ ಬಾತರೆ ನಮ್ಮ ಜನರು ಹುಳ ಕಡಿಯಿತೆಂದೋ ಉಷ್ಣವಾಯಿತೆಂದೋ ತಿಳಿದು ಸುಮ್ಮನಾಗುವರು. ಒಗ್ಗದ ಆಹಾರದಿಂದಲೋ ಔಷಧದಿಂದಲೋ ಬಂದ ಬಾವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುವುದು. ಉಸಿರಿಗೆ ತಡೆಯಾದರೆ ತತ್‌ಕ್ಷಣವೇ ದವಾಖಾನೆಗೆ ಒಯ್ಯತಕ್ಕದ್ದು. ಆದರೆ ಮೇಲಿಂದ ಮೇಲೆ ಮರುಕಳಿಸಿ, ಕಡೆಗೆ ರಬ್ಬರಿನಂತೆ ಗಟ್ಟಿಯಾಗಿ, ನೋವಿಲ್ಲದೆ ನಿಂತುಬಿಡುವ ಬಾವಿನ ಸಂಗತಿ ಬೇರೆ. ಒಮ್ಮೊಮ್ಮೆ ಅದು ಕರುಳಿನ ರೋಗದ ಮುನ್ಸೂಚನೆಯಾಗಿರುವುದು.

1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಎಂಬ ವೈದ್ಯರೂ ಅವರ ಸಂಗಡಿಗರೂ ಸಣ್ಣ ಕರುಳಿನ ಕೊನೆಯ ಭಾಗದ ಉರಿಯೂತವೊಂದನ್ನು ವರ್ಣಿಸಿದರು. ಕ್ರೋನ್ ರೋಗವೆಂದು ಹೆಸರಾದ ಅದು ಬಾಯಿಯಿಂದ ಗುದದವರೆಗೆ ಅನ್ನಮಾರ್ಗದ ಯಾವ ಭಾಗವನ್ನಾದರೂ ಹಿಡಿಯಬಲ್ಲುದೆಂದು ಅನಂತರ ತಿಳಿದುಬಂದಿತು. ಬಾತ ತುಟಿಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ರೋಗಿಯ ಕರುಳಿನಲ್ಲಿ ಕಾಣುವಂಥವೇ ಜೀವಕೋಶಗಳ ಸಣ್ಣ ಗಂಟುಗಳು ತೋರುವುದುಂಟು. ಇಂಥ ತುಟಿಯುಳ್ಳವರೆಲ್ಲರಿಗೂ ಕರುಳಿನ ರೋಗವಿದೆಯೆಂದಲ್ಲ. ಅನೇಕರಿಗೆ ಅದು ಎಂದೂ ಬಾರದು. ಆದರೆ, ವಿಶೇಷವಾಗಿ ಮಕ್ಕಳಲ್ಲಿ, ತುಟಿ ಮೊದಲು ಬಾತು, ಹೊಟ್ಟೆಯ ಲಕ್ಷಣಗಳು ವರುಷಗಳ ಮೇಲೆ ಕಾಣಿಸಿಕೊಂಡ ನಿದರ್ಶನಗಳುಂಟು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ ರೋಗವೂ ಬಹುಧಾ ಒಂದೇ ಸ್ಥಳವನ್ನು ಹಿಡಿದು ಒಂದರಂತೊಂದು ತೋರುವುವು. ಕ್ಷಯವನ್ನು ಕ್ರೋನ್ ಎಂದು ಬಗೆದು ಬರಿಯ ಸ್ಟೆರಾಯ್ಡ್ ಕೊಟ್ಟರೆ ಕ್ಷಯವು ಉಲ್ಬಣಿಸಬಹುದು; ಕ್ರೋನ್ ರೋಗಕ್ಕೆ ಕ್ಷಯದ ಮದ್ದು ಕೊಟ್ಟರೆ ತಿಂಗಳುಗಳು ವ್ಯರ್ಥವಾಗುವುವು. ಆದುದರಿಂದ ಅಂದಾಜಿನ ಮದ್ದು ಸಲ್ಲದು, ಪರೀಕ್ಷೆಯೇ ಬೇಕು.

ದೇವದುರ್ಗ, ಮಾನ್ವಿಗಳ ಬಡ ರೋಗಿಗೆ ಈ ಪರೀಕ್ಷೆ ಎಷ್ಟು ದೂರ! ದೇವದುರ್ಗವು ಅತ್ಯಂತ ಹಿಂದುಳಿದ ತಾಲೂಕುಗಳಲ್ಲೊಂದೆಂದು ನಂಜುಂಡಪ್ಪ ಸಮಿತಿಯು 2002ರಲ್ಲಿಯೇ ಹೇಳಿತು. 2007ರಲ್ಲಿ ರಾಯಚೂರಿಗೆ ರಿಮ್ಸ್ ವೈದ್ಯಕೀಯ ಸಂಸ್ಥೆ ಬಂದಿತು. 2022ರ ಮೇ ತಿಂಗಳಲ್ಲಿ ನಾಗರಿಕರು ಏಮ್ಸ್ ಬೇಕೆಂದು ಧರಣಿ ಕುಳಿತರು. ಆ ಬೇಡಿಕೆ ನ್ಯಾಯವೇ ಎಂದು ನಮ್ಮ ಅಭಿಪ್ರಾಯ.

ಆದರೆ ದೊಡ್ಡ ಆಸ್ಪತ್ರೆಯೂ ತನ್ನ ಬಾಗಿಲಿಗೆ ಬಂದವನನ್ನು ಮಾತ್ರ ನೋಡಬಲ್ಲುದು. ಬಾತ ತುಟಿಯನ್ನು ಮೊದಲು ಕಾಣುವವರು ತಾಲೂಕು ದವಾಖಾನೆಯ ವೈದ್ಯರು, ಇಲ್ಲವೆ ದಂತವೈದ್ಯರು. ಬಹುದಿನದ ಭೇದಿಯುಂಟೆ, ಹೊಟ್ಟೆನೋವುಂಟೆ, ಮಲದಲ್ಲಿ ರಕ್ತವುಂಟೆ, ತೂಕ ಇಳಿದಿದೆಯೆ, ಮಗುವು ವಯಸ್ಸಿಗೆ ತಕ್ಕಂತೆ ಬೆಳೆದಿದೆಯೆ ಎಂದು ಕೇಳಲು ಯಂತ್ರ ಬೇಡ, ಹಣ ಬೇಡ. ಹೌದೆಂಬ ಉತ್ತರ ಬಂದವರನ್ನು ಚೀಟಿ ಕೊಟ್ಟು ರಾಯಚೂರಿಗೆ ಕಳಿಸಲಿ. ಅಲ್ಲಿ ಪರೀಕ್ಷೆಯ ಅನುಕೂಲತೆಯನ್ನು ಸರಕಾರವು ಒದಗಿಸಲಿ. ವಿದ್ಯಾವಂತರು ನೆರೆಹೊರೆಯವರಿಗೆ ಈ ಮಾತನ್ನು ತಿಳಿಸಲಿ. ಮಗುವಿನ ಬೆಳವಣಿಗೆಯ ವರುಷಗಳು ಒಮ್ಮೆ ಕಳೆದರೆ ಯಾವ ಸರಕಾರವೂ ಅವನ್ನು ಹಿಂದಕ್ಕೆ ತರಲಾರದು.