ಬೈಪಾಸ್ ಆದ ಕಾಲು ಮತ್ತೆ ನೋಯತೊಡಗಿದರೆ



ನಮ್ಮಲ್ಲಿ ಹಲವರ ಮನೆಯ ಜಗಲಿಗೆ ಹಾಸಿದ ಕಲ್ಲು ಶಹಾಬಾದಿನದು. ಸೇಡಂ, ಚಿತ್ತಾಪುರ, ಚಿಂಚೋಳಿಯ ಹೊಲಗಳ ತೊಗರಿ ನಮ್ಮ ಅಡುಗೆಮನೆಗೂ ಬರುತ್ತದೆ. ಅಲ್ಲಿಯ ರೈತರು, ಕಲ್ಲುಗಣಿಯ ಆಳುಗಳು, ವಾಡಿಯ ಸಿಮೆಂಟ್ ಕಾರ್ಖಾನೆಯ ಕೆಲಸಗಾರರು, ಇಲ್ಲಿ ಗುಡ್ಡ ಹತ್ತುವ ನಾವು, ಎಲ್ಲರ ದುಡಿಮೆಯೂ ಕಾಲಿನ ಮೇಲೆಯೇ ನಿಂತಿದೆ. ಕಾಲಿನ ರಕ್ತನಾಳ ಕಟ್ಟುವ ರೋಗ ಯಾವ ಸೀಮೆಯವರನ್ನೂ ಬಿಡುವುದಿಲ್ಲ. ಬೀಡಿ ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಅದರ ಮುಖ್ಯ ಕಾರಣಗಳು.

ನಾಳ ಕಟ್ಟಿದ ಕಡೆ ರೋಗಿಯ ಕಾಲಿನದೇ ಸಿರೆಯನ್ನು ಜೋಡಿಸಿ ರಕ್ತಕ್ಕೆ ಬದಲಿ ದಾರಿ ಮಾಡುವುದೇ ಬೈಪಾಸ್. ತೊಡೆಯಿಂದ ಮಂಡಿಯ ಕಡೆಗೆ ಹೀಗೆ ಸಿರೆ ಜೋಡಿಸುವ ಶಸ್ತ್ರಕ್ರಿಯೆಯನ್ನು ಪ್ಯಾರಿಸ್ಸಿನ ವೈದ್ಯ ಜಾನ್ ಕುನ್ಲಿನ್ 1948ರಲ್ಲಿ ಮಾಡಿ ತೋರಿಸಿದರು. ಸಿರೆ ಸರಿಯಿಲ್ಲದಿದ್ದರೆ ಕೃತಕ ನಳಿಕೆ ಹಾಕುತ್ತಾರೆ.

ಆದರೆ ಶಸ್ತ್ರಕ್ರಿಯೆ ಆದ ಮಾತ್ರಕ್ಕೆ ರೋಗ ಮುಗಿಯಿತೆಂದು ತಿಳಿಯಬಾರದು. ಕಡಿಮೆ ಒತ್ತಡಕ್ಕೆ ಒಗ್ಗಿದ್ದ ಸಿರೆಗೆ ಈಗ ರಭಸದ ರಕ್ತ ಹರಿಯುತ್ತದೆ. ಅದರ ಒಳಪದರ, ವಿಶೇಷವಾಗಿ ಜೋಡಣೆಯ ಬಳಿ, ದಪ್ಪವಾಗಿ ದಾರಿ ಕಿರಿದಾಗಬಹುದು. ಮೊದಲ ಎರಡು ವರ್ಷಗಳಲ್ಲಿ ಈ ಭಯ ಹೆಚ್ಚು.

ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಕಸ ಕಟ್ಟಿದಾಗ ಒಂದು ಜೆಟ್ ಹೇಗೋ ತಿರುಗುತ್ತದೆ. ಎಲ್ಲವನ್ನೂ ತೆರೆದರೆ ಒತ್ತಡ ಸಾಲದು. ಕಾಲಿನದೂ ಹೀಗೆಯೇ. ಕುಳಿತಾಗ ರಕ್ತ ಸಾಕಾಗುತ್ತದೆ, ಏರು ಹತ್ತುವಾಗ ಸಾಲದೆ ಮೀನಖಂಡ ಹಿಂಡಿದಂತೆ ನೋಯುತ್ತದೆ. ಸ್ವಲ್ಪ ಹೊತ್ತು ನಿಂತರೆ ನೋವು ಇಳಿಯುತ್ತದೆ. ಬೆನ್ನುಹುರಿಯ ತೊಂದರೆಯಿಂದ ಬರುವ ನೋವಾದರೆ ಸಾಮಾನ್ಯವಾಗಿ ಕುಳಿತರೆ ಇಲ್ಲವೆ ಮುಂದಕ್ಕೆ ಬಾಗಿದರೆ ತಗ್ಗುತ್ತದೆ.

ಆದ್ದರಿಂದ ಬೈಪಾಸ್ ಆದವರು ತಾವು ನೋವಿಲ್ಲದೆ ನಡೆಯುವ ದೂರವನ್ನು ಲೆಕ್ಕವಿಡಬೇಕು. ಹತ್ತು ವಿದ್ಯುತ್ ಕಂಬ ದಾಟುತ್ತಿದ್ದವರು ಆರಕ್ಕೇ ನಿಲ್ಲುವಂತಾದರೆ "ವಯಸ್ಸಾಯಿತು" ಎಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ಪಾದದ ನಾಡಿ, ಕೈಗೂ ಹರಡಿಗೂ ಇರುವ ರಕ್ತದೊತ್ತಡದ ವ್ಯತ್ಯಾಸ ಮತ್ತು ಡಾಪ್ಲರ್ ಸ್ಕ್ಯಾನ್ ನಿಜಸ್ಥಿತಿ ತಿಳಿಸುತ್ತವೆ. ಕೆಲವೊಮ್ಮೆ ನೋವೇ ಇಲ್ಲದೆ ದಾರಿ ಕಿರಿದಾಗುವುದರಿಂದ, ಹೇಳಿದ ದಿನದ ತಪಾಸಣೆಯನ್ನು ತಪ್ಪಿಸಬಾರದು.

ದಾರಿ ಕಿರಿದಾಗಿದ್ದಾಗಲೇ ಸಿಕ್ಕರೆ ಬಲೂನಿನಿಂದ ಹಿಗ್ಗಿಸಬಹುದು, ಇಲ್ಲವೆ ಸಣ್ಣ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಪೂರ್ತಿ ಮುಚ್ಚಿಹೋದ ಮೇಲೆ ತೆರೆಯುವುದು ಕಷ್ಟ, ಕಾಲಿಗೇ ಅಪಾಯ. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಎಣ್ಣೆ ತಿಕ್ಕುತ್ತ, ಶಾಖ ಕೊಡುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಇಲ್ಲಿ ಲೆಕ್ಕ ದಿನಗಳದಲ್ಲ, ಗಂಟೆಗಳದು.

ಅದಕ್ಕೇ ಹೋಗಬೇಕಾದ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ರೈಲಿದೆ. ಚಿಂಚೋಳಿಯವರು ರಸ್ತೆಯನ್ನೇ ನಂಬಬೇಕು. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಅಲ್ಲಿಯವರಾಗಲಿ ಮಲೆನಾಡಿನವರಾಗಲಿ, ಕಾಲಿನ ರಕ್ತನಾಳದ ಚಿಕಿತ್ಸೆ ತಮಗೆ ಹತ್ತಿರದಲ್ಲಿ ಎಲ್ಲಿ ದೊರೆಯುತ್ತದೆಂದು ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.

ಹೊಗೆಬತ್ತಿಯನ್ನು ಪೂರ್ತಿ ಬಿಡಬೇಕು. ಸೇದುವವರಲ್ಲಿ ಬೈಪಾಸ್ ಕೆಡುವ ಸಂಭವ ಬಹಳ ಹೆಚ್ಚು. ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ತೋಟಕ್ಕೆ ಬರಿಗಾಲಲ್ಲಿ ಇಳಿಯಬಾರದು. ರಕ್ತ ಸಾಲದ ಪಾದದಲ್ಲಿ ಮುಳ್ಳಿನ ಗಾಯವೂ ಬೇಗ ಮಾಯದು.

ಗಿಡದ ಎಲೆ ಹಳದಿಯಾದ ದಿನವೇ ಬುಡ ನೋಡುವವರು ನಾವು. ನಮ್ಮ ಕಾಲನ್ನೂ ಅಷ್ಟೇ ಎಚ್ಚರದಿಂದ ನೋಡಿಕೊಳ್ಳೋಣ.