ಪರದೆಯ ಬಣ್ಣ, ಕಾಗದದ ಬಣ್ಣ

ಬೆಳಕಿನ ಪ್ರಾಥಮಿಕ ಬಣ್ಣಗಳು ಕೆಂಪು, ಹಸಿರು, ನೀಲಿ ಎಂದೊಡನೆ ತರಗತಿಯಲ್ಲಿ ಪ್ರಶ್ನೆ ಬಂತು: “ಡ್ರಾಯಿಂಗ್ ಮೇಷ್ಟ್ರು ಕೆಂಪು, ಹಳದಿ, ನೀಲಿ ಅಂದಿದ್ರಲ್ಲ ಮಿಸ್?” ಇಬ್ಬರು ಶಿಕ್ಷಕರಲ್ಲಿ ಒಬ್ಬರ ಮಾತು ಸುಳ್ಳೆಂದು ಮಗು ಭಾವಿಸಬಾರದು. ಅದಕ್ಕಾಗಿ ಮೊಬೈಲ್, ದಿನಪತ್ರಿಕೆ ಮತ್ತು ಭೂತಕನ್ನಡಿಯನ್ನು ಬೋಧನೋಪಕರಣವಾಗಿ ಬಳಸಿದೆ.

ಮೊಬೈಲ್ ಪರದೆಯ ಬಿಳಿ ಭಾಗದ ಮೇಲೆ ಚಿಕ್ಕ ನೀರಿನ ಹನಿಯಿಟ್ಟರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಪರದೆ ಬೆಳಕನ್ನು ಕೂಡಿಸುತ್ತದೆ: ಕೆಂಪು, ಹಸಿರು ಸೇರಿದರೆ ಹಳದಿ, ಮೂರೂ ಸೇರಿದರೆ ಬಿಳಿ. ಸಾಮಾನ್ಯವಾಗಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಮಟ್ಟಗಳು. ಒಟ್ಟು 1,67,77,216 ಸಂಯೋಜನೆಗಳು. ಇದೇ ಆರ್‌ಜಿಬಿ ಮಾದರಿ.

ಕಾಗದ ತಾನಾಗಿ ಬೆಳಗದು. ಅದರ ಮೇಲಿನ ಶಾಯಿ ಬಿಳಿ ಬೆಳಕಿನಿಂದ ಒಂದೊಂದು ಭಾಗವನ್ನು ಹೀರಿ ಕಳೆಯುತ್ತದೆ. ಸಯಾನ್ ಕೆಂಪನ್ನು, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು ಹೀರುತ್ತವೆ. ಮೂರೂ ಸೇರಿದರೆ ಕಪ್ಪಾಗಬೇಕು. ಆದರೆ ನಿಜವಾದ ಶಾಯಿಗಳಿಂದ ಸಿಗುವುದು ಮಾಸಲು ಕಂದು. ಆದ್ದರಿಂದ ಕಪ್ಪು ಶಾಯಿಯನ್ನು ಬೇರೆಯಾಗಿ ಸೇರಿಸುತ್ತಾರೆ. ಇದು ಸಿಎಂವೈಕೆ. ಪತ್ರಿಕೆಯ ವರ್ಣಚಿತ್ರವನ್ನು ಭೂತಕನ್ನಡಿಯಲ್ಲಿ ನೋಡಿದರೆ ಈ ನಾಲ್ಕರ ಚುಕ್ಕೆಗಳೇ. ಪರದೆಯ ಹೊಳೆಯುವ ಹಸಿರು ಈ ಶಾಯಿಗಳಿಗೆ ನಿಲುಕದು; ಹಾಗಾಗಿ ಮುದ್ರಣದಲ್ಲಿ ಮಂಕಾಗುತ್ತದೆ.

ಡ್ರಾಯಿಂಗ್ ಬಣ್ಣವೂ ಕಳೆಯುವ ಜಾತಿಯದೇ. ಅಲ್ಲಿನ ಕೆಂಪು, ನೀಲಿಗಳು ಮಜೆಂಟಾ, ಸಯಾನ್‌ಗಳ ಸ್ಥಾನದಲ್ಲಿ ನಿಂತಿವೆ. ಹಾಗಾಗಿ ಇಬ್ಬರು ಶಿಕ್ಷಕರ ಮಾತೂ ಅವರವರ ಮಾಧ್ಯಮಕ್ಕೆ ಸರಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಹಳದಿ ಬೆಳಕಿಗೆ ನೀಲಿ ಬೆಳಕು ಸೇರಿದರೆ ಏನಾಗುತ್ತದೆ? “ಹಸಿರು” ಎಂದವರು ಇನ್ನೂ ಬಣ್ಣದ ಡಬ್ಬಿಯಲ್ಲಿದ್ದಾರೆ; “ಬಿಳಿ” ಎಂದವರಿಗೆ ಪಾಠ ತಲುಪಿದೆ.