ಗದ್ದಲವೆಂದು ಕಿವಿ ಮುಚ್ಚುವ ಮುನ್ನ: ಜೇಲಿನ್ ಅವರ ಲಯಪ್ರಪಂಚ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲುಗಳ ಮಾತು ಬರುವುದೆಂದು ಸಭಿಕರು ಸಿದ್ಧರಾಗಿ ಬಂದಿರುತ್ತಾರೆ. ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ನಮ್ಮ ಮನೆಗಳಲ್ಲಿ ಮಹಡಿಯ ಕೋಣೆಯ ಮುಚ್ಚಿದ ಬಾಗಿಲನ್ನು ದಾಟಿ ಬರುವ ಒಂದು ಬಗೆಯ ಸದ್ದು ಉಂಟಷ್ಟೆ. ಅದಕ್ಕೆ ಹಿರಿಯರಾದ ನಾವು ಇಟ್ಟಿರುವ ಹೆಸರು 'ಗದ್ದಲ'. ಹಾಡುವವರಿಲ್ಲ, ರಾಗವಿಲ್ಲ, ವಾದ್ಯವೂ ಕಾಣದು. ಕಂಪ್ಯೂಟರಿನಿಂದ ಹೊರಟ ಬಡಿತಗಳ ಸುರಿಮಳೆ ಮಾತ್ರ. ಇಂತಹ ಸಂಗೀತವನ್ನು ರಚಿಸುವವರಲ್ಲಿ ಅಗ್ರಶ್ರೇಣಿಗೆ ಸೇರಿದ ಒಬ್ಬ ಮಹಿಳೆಯ ಸಾಧನೆಯನ್ನು ಪರಿಚಯಿಸುವುದು ನಮ್ಮ ಉದ್ದೇಶ. ಅವರ ಹೆಸರು ಜೆರಿಲಿನ್ ಪ್ಯಾಟನ್. ಸಂಗೀತಲೋಕಕ್ಕೆ ಅವರು ಜೇಲಿನ್.

ಮೊದಲು ಈ ಸಂಗೀತದ ವಂಶಾವಳಿಯನ್ನು ಸ್ವಲ್ಪ ಅರಿಯೋಣ. 1980ರ ದಶಕದ ಆರಂಭದಲ್ಲಿ ಶಿಕಾಗೋ ನಗರದ 'ವೇರ್‌ಹೌಸ್' ಎಂಬ ನೃತ್ಯಶಾಲೆಯಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬುವರು ನುಡಿಸುತ್ತಿದ್ದ ಧ್ವನಿಮುದ್ರಿಕೆಗಳಿಂದ 'ಹೌಸ್' ಎಂಬ ಪ್ರಕಾರ ಹುಟ್ಟಿಕೊಂಡಿತು. ನಿಮಿಷಕ್ಕೆ ಸುಮಾರು 120ರಿಂದ 130 ಬಡಿತ. ಪ್ರತಿ ಆವರ್ತದಲ್ಲಿ ನಾಲ್ಕು ಸಮನಾದ ಬಾಸ್ ಡ್ರಮ್ ಪೆಟ್ಟು. ಆ ನಗರದ ಕರಿಯ ಜನಾಂಗದ ಯುವಕ ಯುವತಿಯರು ಅದರ ವೇಗವನ್ನು ಏರಿಸುತ್ತ ಹೋದರು. 1990ರ ದಶಕದ ಕೊನೆಯ ಹೊತ್ತಿಗೆ ವೇಗ 160ನ್ನು ಮುಟ್ಟಿತು. ನಾಲ್ಕು ಸಮನಾದ ಪೆಟ್ಟುಗಳು ಚದುರಿಹೋದವು. ಈ ಹೊಸ ರೂಪಕ್ಕೆ 'ಫುಟ್‌ವರ್ಕ್' ಎಂದು ಹೆಸರು. ಇದು ಕಾಲುಗಳ ಕೆಲಸವೇ ಸರಿ. ನೆರೆದವರ ನಡುವಿನ ವೃತ್ತದಲ್ಲಿ ಇಬ್ಬರು ನರ್ತಕರು ಒಬ್ಬರಾದ ಮೇಲೊಬ್ಬರು ಪಾದಗಳ ಚುರುಕಿನಿಂದ ಎದುರಾಳಿಯನ್ನು ಸೋಲಿಸಲು ಯತ್ನಿಸುತ್ತಾರೆ. ಆರ್. ಪಿ. ಬೂ, ಡಿ. ಜೆ. ರಶಾದ್ ಮೊದಲಾದವರು ಈ ಪ್ರಕಾರದ ಆಚಾರ್ಯರು.

ನಿಮಿಷಕ್ಕೆ 160 ಎಂಬ ಅಂಕಿಯನ್ನು ಕಂಡಾಗ ವೈದ್ಯರಾದ ನಮ್ಮ ಗಮನ ತಾನಾಗಿಯೇ ನಾಡಿಯತ್ತ ಹರಿಯುತ್ತದೆ. ಆರೋಗ್ಯವಂತ ವಯಸ್ಕರ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ಶ್ರಮದ ವೇಳೆ ಅದು ಏರಬಹುದಾದ ಗರಿಷ್ಠ ಮಿತಿಯನ್ನು ಅಂದಾಜು ಮಾಡಲು 220ರಿಂದ ವಯಸ್ಸನ್ನು ಕಳೆಯುವುದು ವಾಡಿಕೆ. ಐವತ್ತೈದರ ನಮ್ಮಂಥವರಿಗೆ ಅದು 165. ಎಂದರೆ ಈ ಸಂಗೀತದ ಬಡಿತ ನಮ್ಮ ಹೃದಯದ ಮೇಲ್ಮಿತಿಯನ್ನು ಸಮೀಪಿಸುತ್ತದೆ. ಆದರೆ 160ರ ಅರ್ಧ 80; ಅದು ಕುರ್ಚಿಯಲ್ಲಿ ಕುಳಿತವರ ನಾಡಿ. ಕೇಳುವವರು ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು. ನರ್ತಕರ ಪಾದಗಳು 160ರಲ್ಲಿ ಓಡುತ್ತಿದ್ದರೆ ಭುಜಗಳು 80ರಲ್ಲಿ ನಿಧಾನವಾಗಿ ತೂಗುತ್ತವೆ. ಮೊದಲ ಕಾಲ, ಎರಡನೆಯ ಕಾಲಗಳಲ್ಲಿ ಪಾಠ ಒಪ್ಪಿಸಿ ಬೆಳೆದ ನಮಗೆ ಈ ಲೆಕ್ಕ ಅಪರಿಚಿತವಾಗಬೇಕಾಗಿಲ್ಲ. ಈ ಎರಡು ಕಾಲಗಳ ಮೇಲೆ ಜೇಲಿನ್ ಮೂರು ಮೂರರ ಎಣಿಕೆಯನ್ನೂ ಹೆಣೆಯುತ್ತಾರೆ; ನಮ್ಮ ಮೃದಂಗ ವಿದ್ವಾಂಸರು ತನಿ ಆವರ್ತನದಲ್ಲಿ ಚತುರಶ್ರದಿಂದ ತಿಶ್ರಕ್ಕೆ ನಡೆ ಬದಲಿಸುವುದನ್ನು ನೆನೆದುಕೊಂಡರೆ ಅದರ ಅನುಭವ ಹತ್ತಿರವಾದೀತು.

ಇನ್ನೊಂದು ಸಂಗತಿ. ಹೃದಯದ ಕ್ರಮಬದ್ಧ ಮಿಡಿತ ನಮಗೆ ಅರಿವಾಗುವುದಿಲ್ಲ. ಒಂದು ಮಿಡಿತ ಅಕಾಲದಲ್ಲಿ ಬಂದು, ಅದರ ಹಿಂದೆ ದೀರ್ಘ ವಿರಾಮ ಬಂದಾಗಲೇ ರೋಗಿ 'ಎದೆ ಧಸಕ್ಕೆಂದಿತು ಡಾಕ್ಟರೇ' ಎನ್ನುವುದು. ಜೇಲಿನ್ ಅವರ ಕಲೆ ಬಹುಮಟ್ಟಿಗೆ ಇಂತಹ ವಿರಾಮಗಳಲ್ಲಿದೆ. ಪೆಟ್ಟು ಬೀಳಲೇಬೇಕೆಂದು ಕಿವಿ ಕಾಯುವ ಸ್ಥಳದಲ್ಲಿ ಅವರು ಮೌನವನ್ನಿಡುತ್ತಾರೆ. ನಿರೀಕ್ಷಿಸದ ಕಡೆ ಪೆಟ್ಟು ಬೀಳುತ್ತದೆ. ಗದ್ದಲವೆಂದು ತೋರುವುದರ ಹಿಂದೆ ಕಟ್ಟುನಿಟ್ಟಾದ ಗಣಿತವಿದೆ.

ಜೇಲಿನ್ ಹುಟ್ಟಿದ್ದು 1987ರಲ್ಲಿ, ಇಂಡಿಯಾನಾ ರಾಜ್ಯದ ಗ್ಯಾರಿ ಎಂಬ ಊರಿನಲ್ಲಿ. ಶಿಕಾಗೋದಿಂದ ಸುಮಾರು 30 ಮೈಲಿ ದೂರ. 1906ರಲ್ಲಿ ಯು. ಎಸ್. ಸ್ಟೀಲ್ ಕಂಪನಿ ತನ್ನ ಕಾರ್ಖಾನೆಗಾಗಿ ಕಟ್ಟಿಸಿದ ಊರು ಅದು. ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರನ್ನೇ ಊರಿಗೂ ಇಟ್ಟರು. ಮೈಕೇಲ್ ಜಾಕ್ಸನ್ ಹುಟ್ಟಿ ಬೆಳೆದದ್ದೂ ಅಲ್ಲಿಯೇ. 1960ರಲ್ಲಿ ಅಲ್ಲಿ 1,78,000ಕ್ಕೂ ಮಿಕ್ಕು ಜನರಿದ್ದರು. ಉಕ್ಕಿನ ಉದ್ಯೋಗ ಕುಗ್ಗಿದಂತೆ ಊರೂ ಕುಗ್ಗಿ, 2020ರ ಜನಗಣತಿಯಲ್ಲಿ ಉಳಿದವರು ಸುಮಾರು 69,000.

ಜೇಲಿನ್ ಕೂಡ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರೇ. ಪಾಳಿ ಮುಗಿಸಿ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತು ಸಂಗೀತ ಕಟ್ಟುತ್ತಿದ್ದರು. ಆರ್. ಪಿ. ಬೂ, ರಶಾದ್ ಅವರಂಥ ಹಿರಿಯರು ಮಾರ್ಗದರ್ಶನ ನೀಡಿದರು. ಆ ಪ್ರಕಾರದ ರೂಢಿಯಂತೆ ಅವರೂ ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಜೋಡಿಸುತ್ತಿದ್ದರು. ಟೀನಾ ಮರೀ ಎಂಬ ಗಾಯಕಿಯ ಹಾಡಿನ ತುಣುಕಿನಿಂದ ಮಾಡಿದ ಒಂದು ರಚನೆಯನ್ನು ತಾಯಿಗೆ ಕೇಳಿಸಿದಾಗ, ಆಕೆ ಮೆಚ್ಚಿಕೊಂಡು, ಆದರೆ ಇದರಲ್ಲಿ ನಿನ್ನ ದನಿ ಎಲ್ಲಿದೆ ಎಂಬರ್ಥದ ಪ್ರಶ್ನೆಯೊಂದನ್ನು ಕೇಳಿದರಂತೆ. ಆ ಒಂದು ಪ್ರಶ್ನೆ ತಮ್ಮ ದಾರಿಯನ್ನೇ ಬದಲಿಸಿತೆಂದು ಜೇಲಿನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅನ್ಯರ ಧ್ವನಿಯ ತುಣುಕುಗಳನ್ನು ಬಹುಪಾಲು ಬಿಟ್ಟು, ಪ್ರತಿಯೊಂದು ಶಬ್ದವನ್ನೂ ತಾವೇ ರೂಪಿಸಲಾರಂಭಿಸಿದರು.

2011ರಲ್ಲಿ ಬ್ರಿಟನ್ನಿನ ಪ್ಲಾನೆಟ್ ಮ್ಯೂ ಸಂಸ್ಥೆ ಹೊರತಂದ 'ಬ್ಯಾಂಗ್ಸ್ ಅಂಡ್ ವರ್ಕ್ಸ್' ಸಂಕಲನದ ಎರಡನೆಯ ಭಾಗದಲ್ಲಿ ಅವರಿಗೆ ಸ್ಥಾನ ದೊರೆಯಿತು. 2015ರಲ್ಲಿ ಮೊದಲ ಆಲ್ಬಮ್ 'ಡಾರ್ಕ್ ಎನರ್ಜಿ' ಬಂದಿತು. ಲಂಡನ್ನಿನ 'ದ ವೈರ್' ಪತ್ರಿಕೆ ಅದನ್ನು ಆ ವರ್ಷದ ಶ್ರೇಷ್ಠ ಕೃತಿಯೆಂದು ಆರಿಸಿತು. ಇಷ್ಟಾದರೂ ಆಲ್ಬಮ್ ಹೊರಬಂದಾಗ ಜೇಲಿನ್ ಇನ್ನೂ ಕಾರ್ಖಾನೆಯ ನೌಕರಿಯಲ್ಲಿಯೇ ಇದ್ದರು. ಕಲೆಯ ದಾರಿ ಹಿಡಿದ ಮಕ್ಕಳ ಹೊಟ್ಟೆಪಾಡಿನ ಬಗೆಗೆ ಚಿಂತಿಸುವ ತಂದೆ ತಾಯಿಯರು ಈ ಸಂಗತಿಯನ್ನು ಗಮನಿಸಬೇಕು. ಸಂಬಳದ ಕೆಲಸ ಒಂದೆಡೆ, ಸ್ವಂತದ ದನಿಯ ಹುಡುಕಾಟ ಇನ್ನೊಂದೆಡೆ. ಆಕೆ ಎರಡನ್ನೂ ಕೈಬಿಡದೆ ನಡೆಸಿಕೊಂಡು ಬಂದರು.

2017ರ ಎರಡನೆಯ ಆಲ್ಬಮ್ 'ಬ್ಲ್ಯಾಕ್ ಒರಿಗಾಮಿ'ಯ ಹಿಂದೆ ಕನ್ನಡನಾಡಿನ ನಂಟೊಂದಿದೆ. ಬೆಂಗಳೂರಿನ ನೃತ್ಯ ಕಲಾವಿದೆ ಏವ್ರಿಲ್ ಸ್ಟಾರ್ಮಿ ಉಂಗರ್ ಅವರೊಡನೆ 'ಅನ್‌ಸೌಂಡ್' ಉತ್ಸವದ ವೇದಿಕೆಯಲ್ಲಿ ಜೇಲಿನ್ ಕೂಡಿ ಕೆಲಸ ಮಾಡಿದ್ದರು. ಆ ಸಹಯೋಗವೇ ಆಲ್ಬಮ್ಮಿಗೆ ಮುಖ್ಯ ಪ್ರೇರಣೆಯಾಯಿತು. ಕಾಗದವನ್ನು ಮಡಿಸಿ ಮಡಿಸಿ ಆಕೃತಿ ಮೂಡಿಸುವ ಜಪಾನೀ ಕಲೆಯ ಹೆಸರು ಈ ಕೃತಿಗೆ ಒಪ್ಪುತ್ತದೆ. ಒಂದೇ ಲಯದ ಹಾಳೆ ಮಡಿಕೆ ಮಡಿಕೆಯಾಗಿ ಬೇರೆ ಬೇರೆ ರೂಪ ತಾಳುತ್ತದೆ. ಡೋಲು, ಗಂಟೆ, ಕತ್ತರಿಸಿದ ಉಸಿರು, ಮೆರವಣಿಗೆಯ ನಗಾರಿ ಎಲ್ಲವೂ ಇಲ್ಲಿ ಅಚ್ಚುಕಟ್ಟಾಗಿ ತಮ್ಮ ತಮ್ಮ ಸ್ಥಾನದಲ್ಲಿವೆ.

ವೈದ್ಯರಾಗಿ ನಮ್ಮನ್ನು ಹೆಚ್ಚು ಸೆಳೆದದ್ದು ಮುಂದಿನ ಕೃತಿ. ಇಂಗ್ಲೆಂಡಿನ ನೃತ್ಯ ಸಂಯೋಜಕ ವೇಯ್ನ್ ಮೆಕ್‌ಗ್ರೆಗರ್ ತಮ್ಮ ದೇಹದ ಸಂಪೂರ್ಣ ವಂಶವಾಹಿ ಕ್ರಮವನ್ನು ಓದಿಸಿ, ಅದನ್ನೇ ಆತ್ಮಚರಿತ್ರೆಯಾಗಿಸಿ, 'ಆಟೋಬಯಾಗ್ರಫಿ' ಎಂಬ ನೃತ್ಯವನ್ನು ರಚಿಸಿದರು. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ನೃತ್ಯದಲ್ಲಿಯೂ 23 ಖಂಡಗಳು. ಯಾವ ಖಂಡ ಯಾವ ಕ್ರಮದಲ್ಲಿ ಬರಬೇಕೆಂಬುದನ್ನು ಆ ವಂಶವಾಹಿ ಲಿಪಿಯ ಆಧಾರದ ಮೇಲೆ ಕಂಪ್ಯೂಟರ್ ಪ್ರತಿ ಪ್ರದರ್ಶನಕ್ಕೂ ಹೊಸದಾಗಿ ತೀರ್ಮಾನಿಸುತ್ತದೆ. 2017ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಇದರ ಮೊದಲ ಪ್ರದರ್ಶನವಾಯಿತು. ಸಂಗೀತ ಜೇಲಿನ್ ಅವರದು. ಮುಂದೇನು ಬರುವುದೆಂದು ತಿಳಿಯದ ನೃತ್ಯಕ್ಕೆ ಸಂಗೀತ ರಚಿಸುವುದು ಸುಲಭದ ಮಾತಲ್ಲ. ಪ್ರತಿ ಖಂಡವೂ ತಾನೇ ಪೂರ್ಣವಾಗಿರಬೇಕು, ಯಾವುದರ ಪಕ್ಕಕ್ಕೂ ಹೊಂದಿಕೊಳ್ಳಬೇಕು. 2018ರಲ್ಲಿ ಆಲ್ಬಮ್ಮಾಗಿ ಬಂದ ಈ ಸಂಗೀತದಲ್ಲಿ ಬಡಿತವನ್ನು ಬಿಟ್ಟು ನಿಧಾನವಾಗಿ ತೇಲುವ ಭಾಗಗಳೂ ಉಂಟು. ಅದರ ಒಂದು ರಚನೆಗೆ 'ಅನಾಮ್ನೇಸಿಸ್' ಎಂದು ಹೆಸರು. ರೋಗಿಯ ಬಾಯಿಂದ ಪೂರ್ವವೃತ್ತಾಂತವನ್ನು ಕೇಳಿ ತಿಳಿಯುವುದಕ್ಕೆ ನಮ್ಮ ವೈದ್ಯಶಾಸ್ತ್ರ ಬಳಸುವ ಪದವೇ ಅದು.

ಬಳಿಕ ಶಾಸ್ತ್ರೀಯ ಸಂಗೀತದ ಮಂದಿರಗಳೂ ಅವರಿಗೆ ಬಾಗಿಲು ತೆರೆದವು. ಶಿಕಾಗೋದ 'ಥರ್ಡ್ ಕೋಸ್ಟ್ ಪರ್ಕಶನ್' ಎಂಬ ನಾಲ್ವರು ತಾಳವಾದ್ಯಗಾರರ ತಂಡಕ್ಕಾಗಿ ಜೇಲಿನ್ ಏಳು ಭಾಗಗಳ 'ಪರ್ಸ್‌ಪೆಕ್ಟಿವ್' ಕೃತಿಯನ್ನು ರಚಿಸಿದರು. ಅವರು ಕಂಪ್ಯೂಟರಿನಲ್ಲಿ ಕಟ್ಟಿದ್ದನ್ನು ಆ ನಾಲ್ವರು ಕೈಯಿಂದ ನುಡಿಸುವ ವಾದ್ಯಗಳಿಗೆ ಅಳವಡಿಸಿದರು. 2023ರ ಪುಲಿಟ್ಜರ್ ಸಂಗೀತ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಈ ಕೃತಿಯಿತ್ತು. ಅದೇ ವರ್ಷ ಅದರ ಎಲೆಕ್ಟ್ರಾನಿಕ್ ರೂಪವೂ ಹೊರಬಂದಿತು. 2024ರ ಆಲ್ಬಮ್ಮಿನ ಹೆಸರು 'ಅಕೋಮಾ'. ಪಶ್ಚಿಮ ಆಫ್ರಿಕಾದ ಅಕಾನ್ ಭಾಷೆಯಲ್ಲಿ ಈ ಪದಕ್ಕೆ ಹೃದಯವೆಂದು ಅರ್ಥ. ಅಲ್ಲಿನ ಸಾಂಪ್ರದಾಯಿಕ ಚಿಹ್ನೆಗಳಲ್ಲಿ ಅದು ತಾಳ್ಮೆಯ ಸಂಕೇತ. ಫಿಲಿಪ್ ಗ್ಲಾಸ್, ಬ್ಯೋರ್ಕ್, ಕ್ರೋನೋಸ್ ಚತುಷ್ಕ ಈ ಮೂವರ ಸಹಭಾಗಿತ್ವವೂ ಅದರಲ್ಲಿದೆ.

ವೈದ್ಯರು ಎಚ್ಚರಿಕೆ ಹೇಳದೆ ಮಾತು ಮುಗಿಸುವುದುಂಟೆ? 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದೆಂಬುದು ಇಲ್ಲಿನ ಉದ್ಯೋಗ ಸುರಕ್ಷಾ ತಜ್ಞರ ಮಿತಿ. ಅಲ್ಲಿಂದ ಮುಂದೆ ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಕಾಲಾವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ ಮಾತ್ರ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟವು. ಆದುದರಿಂದ ಮಕ್ಕಳಿಗೆ ಸದ್ದಿನ ಮಟ್ಟವನ್ನು ಇಳಿಸಲು ಅವಶ್ಯವಾಗಿ ಹೇಳಿ. ಆದರೆ 'ಮೆಲ್ಲಗೆ ಕೇಳು' ಎನ್ನುವುದು ಬೇರೆ, 'ಇದೂ ಒಂದು ಸಂಗೀತವೇ' ಎನ್ನುವುದು ಬೇರೆ. ಮೊದಲನೆಯದು ಕಾಳಜಿ, ಎರಡನೆಯದನ್ನು ಕೇಳಿಸಿಕೊಂಡ ಮಕ್ಕಳು ಬಾಗಿಲನ್ನು ಇನ್ನಷ್ಟು ಭದ್ರವಾಗಿ ಮುಚ್ಚಿಕೊಳ್ಳುತ್ತಾರೆ. ನಾವು ಅವರೊಡನೆ ಕಳೆಯುವ ವರ್ಷಗಳಾದರೂ ಎಷ್ಟು? ಹದಿನೆಂಟು ತುಂಬಿದೊಡನೆ ಕಾಲೇಜಿನ ನೆವದಲ್ಲಿ ಮನೆ ಖಾಲಿಯಾಗುತ್ತದೆ.

ಗ್ಯಾರಿಯ ಆ ತಾಯಿ ಮಗಳ ಸಂಗೀತವನ್ನು ಹೊಗಳಿ ಸುಮ್ಮನಾಗಲಿಲ್ಲ, ತೆಗಳಿ ತಳ್ಳಿಹಾಕಲೂ ಇಲ್ಲ. ಕುಳಿತು ಕೇಳಿದರು, ಕೇಳಿದ್ದರಿಂದಲೇ ಪ್ರಶ್ನಿಸುವ ಅಧಿಕಾರ ಅವರಿಗೆ ಬಂದಿತು. ಎರಡು ಸಂಸ್ಕೃತಿಗಳ ತುಣುಕುಗಳನ್ನು ಜೋಡಿಸಿಕೊಂಡು ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಆ ಪ್ರಶ್ನೆ ಒಂದು ದಿನ ಎದುರಾಗಲೇಬೇಕು.

ಆಸಕ್ತರು ಮೊದಲು ಥರ್ಡ್ ಕೋಸ್ಟ್ ತಂಡ ನುಡಿಸಿರುವ 'ಪರ್ಸ್‌ಪೆಕ್ಟಿವ್' ಕೇಳಬಹುದು. ಕೈಯಿಂದ ನುಡಿಸಿದ ವಾದ್ಯಗಳಾದ್ದರಿಂದ ಕಿವಿ ಬೇಗ ಒಗ್ಗುತ್ತದೆ. ಅನಂತರ ಅದರ ಎಲೆಕ್ಟ್ರಾನಿಕ್ ರೂಪ, ಆಮೇಲೆ 'ಬ್ಲ್ಯಾಕ್ ಒರಿಗಾಮಿ'. ಕೇಳುವಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ. ಮೊದಲು 80ರಲ್ಲಿ, ಅಭ್ಯಾಸವಾದ ಮೇಲೆ 160ರಲ್ಲಿ. ತಾಳ ತಪ್ಪಿದರೆ ಪಕ್ಕದಲ್ಲಿ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕೇಳಿ, ಅವರೇ ತೋರಿಸಿಕೊಡುತ್ತಾರೆ.